ತೋಮನ ಸಂದೇಹ: ನಾಲ್ಕನೆಯ ಸುವಾರ್ತೆಯ ಒಂದು ಪ್ರಸಂಗದ ವಿಮರ್ಶೆ

೧

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಬರುವ ವ್ಯಕ್ತಿಗಳ ಪೈಕಿ ಲೋಕದ ಬಾಯಲ್ಲಿ ಅಡ್ಡಹೆಸರು ಪಡೆದವರು ಕೆಲವರೇ. ಅಪೊಸ್ತಲನಾದ ತೋಮನು ಅವರಲ್ಲೊಬ್ಬ. ‘ಸಂದೇಹಿ ತೋಮ’ ಎಂಬ ಮಾತು ಯೂರೋಪಿನ ಭಾಷೆಗಳಲ್ಲಿ ಗಾದೆಯಂತಾಗಿ, ಅಲ್ಲಿಂದ ನಮ್ಮ ಕಾಲೇಜುಗಳ ಪಾಠಪ್ರವಚನಗಳಿಗೂ ಬಂದಿದೆ. ಕಣ್ಣಿಗೆ ಕಾಣದುದನ್ನು ನಂಬಲಾರದವನು, ಕೈಗೆ ತಾಕದುದನ್ನು ಒಪ್ಪಲಾರದವನು ಎಂಬುದು ಆ ಹೆಸರಿನ ತಾತ್ಪರ್ಯ. ಭಕ್ತರು ಇದನ್ನು ನಿಂದೆಯಾಗಿಯೂ ವಿಚಾರವಾದಿಗಳು ಪ್ರಶಂಸೆಯಾಗಿಯೂ ಬಳಸುವುದುಂಟು. ಆದರೆ ಒಂದು ಅಂಶದಲ್ಲಿ ಇಬ್ಬರಿಗೂ ಒಮ್ಮತವಿರುವಂತೆ ತೋರುತ್ತದೆ. ಯೋಹಾನನ ಸುವಾರ್ತೆಯ ೨೦ನೆಯ ಅಧ್ಯಾಯವು ಪ್ರಮಾಣವನ್ನು ಕೇಳುವ ಬುದ್ಧಿಗೂ ಪ್ರಮಾಣವಿಲ್ಲದೆ ನಂಬುವ ಭಕ್ತಿಗೂ ನಡುವೆ ಗೆರೆಯೆಳೆದು, ಮೊದಲನೆಯದನ್ನು ಜರೆದು ಎರಡನೆಯದನ್ನು ಹೊಗಳಿದೆ ಎಂಬುದೇ ಆ ಅಂಶ. ಈ ಅಭಿಪ್ರಾಯವು ಮೂಲಪಾಠಕ್ಕೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ದೇವಶಾಸ್ತ್ರಜ್ಞರಿಗೆ ಸೇರಿದ ವಿಷಯ, ಇಲ್ಲಿ ಚರಿತ್ರೆಯ ಅಧ್ಯಾಪಕನಿಗೆ ಏನು ಕೆಲಸವೆಂದು ಕೆಲವರು ಕೇಳಬಹುದು. ಚರಿತ್ರಕಾರನು ತಾನು ಕಾಣದ ಸಂಗತಿಗಳನ್ನು ನಂಬಿಯೇ ವೃತ್ತಿಯನ್ನು ನಡೆಸುವವನು. ಅಶೋಕನನ್ನು ನಾವು ಕಂಡಿಲ್ಲ. ಅವನ ಹೆಸರನ್ನು ಹೊತ್ತ ಬಂಡೆಯನ್ನು ಮಸ್ಕಿಯಲ್ಲಿ ಕಂಡಿದ್ದೇವೆ. ಕಾಣದುದನ್ನು ಯಾವ ಆಧಾರದ ಮೇಲೆ, ಎಷ್ಟು ದೂರ ನಂಬಬಹುದೆಂಬ ಪ್ರಶ್ನೆ ನಮ್ಮ ಶಾಸ್ತ್ರದ ಬುನಾದಿಯಲ್ಲಿಯೇ ಇದೆ. ತೋಮನ ಪ್ರಸಂಗವು ಅದೇ ಪ್ರಶ್ನೆಯನ್ನು ಕಥಾರೂಪದಲ್ಲಿ ಮುಂದಿಡುತ್ತದೆಯಾದ ಕಾರಣ, ಅದನ್ನು ಓದುವ ಹಕ್ಕು ನಮಗೂ ಉಂಟು.

೨

ಮೊದಲು ಕಥೆಯ ಸ್ವರೂಪವನ್ನು ನೋಡೋಣ. ಯೇಸುವನ್ನು ಶಿಲುಬೆಗೇರಿಸಿದ ಮೂರನೆಯ ದಿನ, ವಾರದ ಮೊದಲ ದಿನದ ಸಂಜೆ, ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿರುತ್ತಾರೆ. ಯೇಸು ಅವರ ನಡುವೆ ಬಂದು ನಿಂತು ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಅವರು ಕಂಡು ಸಂತೋಷಪಡುತ್ತಾರೆ. ತೋಮನು ಆಗ ಅಲ್ಲಿರಲಿಲ್ಲ. ಆಮೇಲೆ ಉಳಿದವರು ಈ ವಾರ್ತೆಯನ್ನು ತಿಳಿಸಿದಾಗ, ಮೊಳೆಯ ಗುರುತುಗಳನ್ನು ಕಂಡು, ಅವುಗಳಲ್ಲಿ ಬೆರಳಿಟ್ಟು, ಪಕ್ಕೆಯಲ್ಲಿ ಕೈಯಿಟ್ಟ ಹೊರತು ತಾನು ನಂಬುವುದಿಲ್ಲವೆಂದು ಅವನು ಹೇಳುತ್ತಾನೆ. ಎಂಟು ದಿನಗಳಾದ ಮೇಲೆ ಶಿಷ್ಯರು ಮತ್ತೆ ಕೂಡಿರುವಾಗ ತೋಮನೂ ಅವರೊಡನೆ ಇರುತ್ತಾನೆ. ಯೇಸು ಬಂದು, ತೋಮನು ಕೇಳಿದುದನ್ನೆಲ್ಲ ಮಾಡುವಂತೆ ಅವನನ್ನೇ ಕರೆಯುತ್ತಾನೆ. ತೋಮನು ಅವನನ್ನು ತನ್ನ ಒಡೆಯನೆಂದೂ ದೇವರೆಂದೂ ಸಂಬೋಧಿಸುತ್ತಾನೆ. ಕಾಣದೆ ನಂಬುವವರು ಧನ್ಯರೆಂಬ ಅರ್ಥದ ಮಾತಿನೊಡನೆ ಪ್ರಸಂಗವು ಮುಗಿಯುತ್ತದೆ.

ಇಲ್ಲಿ ಗಮನಿಸತಕ್ಕ ಮೊದಲನೆಯ ಸಂಗತಿ ಇದು: ಕೈಯನ್ನೂ ಪಕ್ಕೆಯನ್ನೂ ಕಾಣುವ ಭಾಗ್ಯ ಉಳಿದ ಶಿಷ್ಯರಿಗೆ ಕೇಳದೆಯೇ ದೊರೆತಿತ್ತು, ತೋಮನು ಮುಖ್ಯವಾಗಿ ಬೇಡಿದುದೂ ಅದನ್ನೇ. ಸ್ಪರ್ಶವೊಂದನ್ನು ಅವನು ಹೆಚ್ಚಾಗಿ ಸೇರಿಸಿದನೆಂಬುದು ನಿಜ. ಆದರೆ ಕಾಣುವ ಮೊದಲು ನಂಬಿದವರು ಆ ಕೋಣೆಯಲ್ಲಿ ಯಾರೂ ಇದ್ದಂತೆ ಆ ಸಂಜೆಯ ಕಥನದಿಂದ ತಿಳಿದುಬರುವುದಿಲ್ಲ. ಆ ದಿನ ಬೆಳಗ್ಗೆಯೇ ಮಗ್ದಲದ ಮರಿಯಳು ತಾನು ಕಂಡುದನ್ನು ಅವರಿಗೆ ತಿಳಿಸಿದ್ದಳು. ಆದರೂ ಸಂಜೆಗೆ ಬಾಗಿಲು ಭದ್ರವಾಗಿಯೇ ಇತ್ತು. ಲೂಕನ ಸುವಾರ್ತೆಯಲ್ಲಿ ಹೆಂಗಸರ ಮಾತನ್ನು ಶಿಷ್ಯರು ಹರಟೆಯೆಂದೇ ಬಗೆಯುತ್ತಾರೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಕಣ್ಣಾರೆ ಕಂಡವರಲ್ಲಿಯೂ ಕೆಲವರು ಸಂಶಯಪಟ್ಟರೆಂದು ಹೇಳಿದೆ. ಹೀಗಿರುವಲ್ಲಿ ಸಂದೇಹದ ಪಟ್ಟವನ್ನು ತೋಮನೊಬ್ಬನಿಗೇ ಕಟ್ಟಿದುದು ಸುವಾರ್ತೆಗಳ ಸಾಕ್ಷ್ಯಕ್ಕೆ ಸಲ್ಲುವ ನ್ಯಾಯವಲ್ಲ.

ಎರಡನೆಯ ಸಂಗತಿ ಶಬ್ದಗಳಿಗೆ ಸಂಬಂಧಿಸಿದುದು. ಮತ್ತಾಯನು ಸಂಶಯಕ್ಕೆ ಬಳಸಿದ ಗ್ರೀಕ್ ಕ್ರಿಯಾಪದವು ಮನಸ್ಸು ಎರಡು ಕಡೆಗೆ ತುಯ್ಯುವುದನ್ನು ಸೂಚಿಸುತ್ತದೆ. ಯೋಹಾನನು ತೋಮನ ವಿಷಯದಲ್ಲಿ ಆ ಪದವನ್ನು ಬಳಸಲೇ ಇಲ್ಲ. ಅವನು ಬಳಸಿದುದು ‘ಅಪಿಸ್ತೋಸ್’ ಮತ್ತು ‘ಪಿಸ್ತೋಸ್’ ಎಂಬ ಜೋಡಿ; ನಂಬದವನು, ನಂಬುವವನು ಎಂದು ಇವುಗಳ ಅರ್ಥ. ಇನ್ನೂ ಸ್ವಾರಸ್ಯವಾದ ವಿಷಯವೆಂದರೆ, ಈ ಸುವಾರ್ತೆಯಲ್ಲಿ ‘ನಂಬು’ ಎಂಬ ಕ್ರಿಯಾಪದವು ಸುಮಾರು ನೂರು ಸಲ ಬರುತ್ತದೆ. ‘ನಂಬಿಕೆ’ ಎಂಬ ನಾಮಪದವು ಒಮ್ಮೆಯೂ ಬರುವುದಿಲ್ಲ. ಗ್ರಂಥಕರ್ತನ ದೃಷ್ಟಿಯಲ್ಲಿ ಇದು ಮನುಷ್ಯನು ಹೊಂದಿರುವ ಒಂದು ಸ್ವತ್ತಿಗಿಂತ ಹೆಚ್ಚಾಗಿ ಅವನು ಮಾಡುವ ಒಂದು ಕಾರ್ಯವಾಗಿದ್ದಿರಬೇಕು. ನಮ್ಮ ಭಾಷೆಯಲ್ಲಿಯೂ ಈ ಕ್ರಿಯೆಗೆ ಎರಡು ಮುಖಗಳುಂಟು. ‘ಅವನ ಮಾತನ್ನು ನಂಬಿದೆ’ ಎಂದರೆ ಒಂದು ಸಂಗತಿಯನ್ನು ನಿಜವೆಂದು ಒಪ್ಪಿದಂತೆ. ‘ಅವನನ್ನು ನಂಬಿ ಹೊರಟೆ’ ಎಂದರೆ ಒಬ್ಬ ವ್ಯಕ್ತಿಯನ್ನು ನೆಚ್ಚಿದಂತೆ. ಮೊದಲನೆಯದಕ್ಕೆ ಪ್ರಮಾಣ ಬೇಕು. ಎರಡನೆಯದು ಪ್ರಮಾಣದಿಂದ ಹೊರಟರೂ ಅದನ್ನು ಮೀರಿ ನಡೆಯುತ್ತದೆ. ತೋಮನು ಕೇಳಿದುದು ಮೊದಲನೆಯ ಬಗೆಯದು. ಕೊನೆಯಲ್ಲಿ ಅವನ ಬಾಯಿಂದ ಹೊರಟುದು ಎರಡನೆಯ ಬಗೆಯದು. ಗಾಯವನ್ನು ಪರೀಕ್ಷಿಸಿದವನು ಅದು ಗಾಯವೇ ಸರಿಯೆಂದು ತೀರ್ಪು ಹೇಳಬಹುದಲ್ಲದೆ, ಗಾಯಗೊಂಡವನನ್ನು ದೇವರೆಂದು ಕರೆಯಲಾರನು. ಈ ಎರಡರ ನಡುವಣ ಅಂತರವನ್ನು ಯಾವ ಬೆರಳೂ ಅಳೆಯಲಾರದು.

೩

ಮೂರನೆಯ ಸಂಗತಿ ಎಲ್ಲಕ್ಕಿಂತ ಮುಖ್ಯವಾದುದು. ತೋಮನು ಮುಟ್ಟಿದನೆಂದು ಮೂಲಪಾಠವು ಎಲ್ಲಿಯೂ ಹೇಳುವುದಿಲ್ಲ. ಆಹ್ವಾನವುಂಟು, ಅದರ ಹಿಂದೆಯೇ ತೋಮನ ಉದ್ಗಾರವುಂಟು, ನಡುವೆ ಸ್ಪರ್ಶದ ವರ್ಣನೆಯಿಲ್ಲ. ಯೇಸುವಿನ ಉತ್ತರದಲ್ಲಿಯೂ ಕಂಡುದರ ಪ್ರಸ್ತಾಪವಿದೆಯೇ ಹೊರತು ಮುಟ್ಟಿದುದರ ಪ್ರಸ್ತಾಪವಿಲ್ಲ. ಈ ಮೌನವನ್ನು ಐದನೆಯ ಶತಮಾನದಲ್ಲಿಯೇ ಸಂತ ಆಗಸ್ಟಿನನು ಗುರುತಿಸಿದ್ದನು. ಶಿಷ್ಯನಿಗೆ ಮುಟ್ಟುವ ಧೈರ್ಯ ಬರಲಿಲ್ಲವೆಂದು ವಾದಿಸಲು ಅವಕಾಶವುಂಟೆಂದು ಒಪ್ಪಿಕೊಂಡೂ, ಕಾಣುವುದೆಂಬ ಮಾತು ಎಲ್ಲ ಇಂದ್ರಿಯಗಳಿಗೂ ಸಾಧಾರಣವಾಗಿ ಸಲ್ಲಬಹುದೆಂದು ಅವನು ಸಮಾಧಾನ ಹೇಳಿದನು. ನಮ್ಮ ಕಾಲದಲ್ಲಿ ಗ್ಲೆನ್ ಮೋಸ್ಟ್ ಎಂಬ ವಿದ್ವಾಂಸರು ೨೦೦೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸ್ಪರ್ಶವು ನಡೆಯಲಿಲ್ಲವೆಂಬ ಪಕ್ಷವನ್ನು ವಿಸ್ತಾರವಾಗಿ ಮಂಡಿಸಿದ್ದಾರೆ.

ಆದರೂ ಓದುಗರ ಮನಸ್ಸು ಆ ಮೌನವನ್ನು ಸಹಿಸಲಿಲ್ಲ. ಎರಡನೆಯ ಶತಮಾನದ ಆರಂಭದಲ್ಲಿಯೇ, ಯೇಸುವಿನ ದೇಹವು ಬರಿಯ ತೋರಿಕೆಯೆಂದು ವಾದಿಸುತ್ತಿದ್ದವರನ್ನು ಖಂಡಿಸುತ್ತ, ಅಂತಿಯೋಕ್ಯದ ಇಗ್ನೇಷಿಯಸನು ಶಿಷ್ಯರು ಅವನನ್ನು ಮುಟ್ಟಿ ನಂಬಿದರೆಂದು ಸ್ಮುರ್ನದ ಸಭೆಗೆ ಬರೆದನು. ಆ ವಾದಕ್ಕೆ ಸ್ಪರ್ಶದ ಸಾಕ್ಷ್ಯವು ಅವಶ್ಯವಾಗಿತ್ತು. ಮುಂದೆ ಚಿತ್ರಕಾರರು ಇದನ್ನೇ ಬೆಳೆಸಿದರು. ಕಾರವಾಜಿಯೋ ಸುಮಾರು ೧೬೦೧–೦೨ರಲ್ಲಿ ಬರೆದ, ಈಗ ಜರ್ಮನಿಯ ಪಾಟ್ಸ್‌ಡಾಮಿನಲ್ಲಿರುವ ಪ್ರಸಿದ್ಧ ಚಿತ್ರದಲ್ಲಿ ಯೇಸುವೇ ತೋಮನ ಕೈಯನ್ನು ಹಿಡಿದು ಗಾಯದತ್ತ ಒಯ್ಯುತ್ತಾನೆ. ಬೆರಳು ಚರ್ಮದ ಒಳಕ್ಕೆ ಇಳಿದಿದೆ. ಹಿಂದಿನಿಂದ ಮತ್ತಿಬ್ಬರು ಶಿಷ್ಯರು ಅಷ್ಟೇ ಕುತೂಹಲದಿಂದ ಬಾಗಿ ನೋಡುತ್ತಿದ್ದಾರೆ. ಚಿತ್ರವಾಗಿ ಇದು ಅದ್ಭುತವಾದುದು; ಸಂದೇಹವು ತೋಮನೊಬ್ಬನದೇ ಅಲ್ಲವೆಂಬುದನ್ನೂ ಸರಿಯಾಗಿ ಹಿಡಿದಿದೆ. ಆದರೆ ವ್ಯಾಖ್ಯಾನವಾಗಿ ಅದು ಪಾಠದ ಮೌನವನ್ನು ಮುಚ್ಚಿಹಾಕಿದೆ. ರೋಮಿನ ಜೆರೂಸಲೇಮಿನ ಪವಿತ್ರ ಶಿಲುಬೆಯ ದೇವಾಲಯದಲ್ಲಿ ತೋಮನ ಬೆರಳೆಂಬ ಅಸ್ಥಿಯೊಂದನ್ನು ಇಂದಿಗೂ ಪೂಜ್ಯವಸ್ತುವಾಗಿ ಇರಿಸಲಾಗಿದೆ. ಪ್ರಮಾಣವನ್ನು ಹುಡುಕಹೊರಟ ಬೆರಳೇ ಕಾಲಾಂತರದಲ್ಲಿ ಒಂದು ಪ್ರಮಾಣವಾಗಿ ಪರಿಣಮಿಸಿದುದು ಮಾನವ ಸ್ವಭಾವವನ್ನು ಕುರಿತು ಬಹಳ ಹೇಳುತ್ತದೆ.

ಇಲೇನ್ ಪೇಗಲ್ಸ್ ಅವರು ೨೦೦೩ರಲ್ಲಿ ಮಂಡಿಸಿದ ಇನ್ನೊಂದು ವಾದವನ್ನೂ ಇಲ್ಲಿ ಪರಿಶೀಲಿಸಬೇಕು. ೧೯೪೫ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ದೊರೆತ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ತೋಮನ ಹೆಸರಿನ ಸುವಾರ್ತೆಯೊಂದಿದೆ. ಅದರಲ್ಲಿ ಕಥೆಯಿಲ್ಲ, ಯೇಸುವಿನವೆನ್ನಲಾದ ೧೧೪ ನುಡಿಗಳ ಸಂಗ್ರಹವಷ್ಟೇ ಇದೆ. ದೈವೀ ಬೆಳಕನ್ನು ಪ್ರತಿಯೊಬ್ಬನೂ ತನ್ನೊಳಗೆ ಕಾಣಬಹುದೆಂಬ ಈ ಪಂಥದವರನ್ನು ಖಂಡಿಸಲೆಂದೇ ಯೋಹಾನನು ತೋಮನನ್ನು ಅವಿಶ್ವಾಸಿಯಾಗಿ ಚಿತ್ರಿಸಿದನೆಂದು ಪೇಗಲ್ಸ್ ಊಹಿಸುತ್ತಾರೆ. ಊಹೆಯು ಜಾಣ್ಮೆಯಿಂದ ಕೂಡಿದುದಾದರೂ ಅದನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಇದೇ ಸುವಾರ್ತೆಯ ೧೧ನೆಯ ಅಧ್ಯಾಯದಲ್ಲಿ ಯೇಸುವಿನೊಡನೆ ಸಾಯಲು ನಾವೂ ಹೋಗೋಣವೆಂದು ಜೊತೆಗಾರರನ್ನು ಹುರಿದುಂಬಿಸುವವನು ತೋಮನೇ. ೧೪ನೆಯ ಅಧ್ಯಾಯದಲ್ಲಿ ತನಗೆ ದಾರಿ ತಿಳಿಯದೆಂದು ಮುಚ್ಚುಮರೆಯಿಲ್ಲದೆ ಹೇಳುವವನೂ ಅವನೇ. ಇಡೀ ಗ್ರಂಥದಲ್ಲಿ ಶಿಷ್ಯನೊಬ್ಬನ ಬಾಯಿಂದ ಬರುವ ಅತ್ಯುನ್ನತವಾದ ಸಂಬೋಧನೆಯನ್ನು ಗ್ರಂಥಕರ್ತನು ಅವನಿಗೇ ಕೊಟ್ಟಿದ್ದಾನೆ. ಹಗೆಯ ಬಾಯಿಗೆ ತನ್ನ ಸಿದ್ಧಾಂತದ ಮುಕುಟಪ್ರಾಯವಾದ ಮಾತನ್ನು ಯಾವ ಲೇಖಕನೂ ಇಡುವುದಿಲ್ಲ.

೪

ಹಾಗಾದರೆ ಕಾಣದೆ ನಂಬುವವರನ್ನು ಧನ್ಯರೆಂದುದರ ಅರ್ಥವೇನು? ಉತ್ತರವು ಅದರ ಮುಂದಿನ ಎರಡು ವಾಕ್ಯಗಳಲ್ಲಿಯೇ ಇದೆ; ಪ್ರಸಂಗವನ್ನು ಬಿಡಿಯಾಗಿ ಉದಾಹರಿಸುವವರು ಅವನ್ನು ಓದದೆ ಬಿಡುತ್ತಾರೆ. ಯೇಸು ಮಾಡಿದ ಸೂಚಕಕಾರ್ಯಗಳು ಇನ್ನೂ ಅನೇಕವಿದ್ದರೂ, ಓದುವವರು ನಂಬಲೆಂದು ಇವಿಷ್ಟನ್ನು ಬರೆದಿಟ್ಟಿದೆಯೆಂದು ಗ್ರಂಥಕರ್ತನು ಅಲ್ಲಿ ತನ್ನ ಉದ್ದೇಶವನ್ನು ತಿಳಿಸುತ್ತಾನೆ. ಬಹುಮಂದಿ ವಿದ್ವಾಂಸರ ಮತದಂತೆ ಈ ಸುವಾರ್ತೆಯು ಮೊದಲನೆಯ ಶತಮಾನದ ಕೊನೆಯ ದಶಕದ ಸುಮಾರಿನಲ್ಲಿ ಈಗಿನ ರೂಪಕ್ಕೆ ಬಂತು. ಆ ವೇಳೆಗೆ ಕಣ್ಣಾರೆ ಕಂಡವರ ತಲೆಮಾರು ಕಣ್ಮರೆಯಾಗುತ್ತಲಿತ್ತು. ಹೊಸದಾಗಿ ಸೇರಿದ ಭಕ್ತರ ಮನಸ್ಸಿನಲ್ಲಿ, ತಾವು ತಡವಾಗಿ ಹುಟ್ಟಿದೆವು, ಕಂಡವರ ಭಾಗ್ಯ ತಮಗಿಲ್ಲ ಎಂಬ ಕೊರಗು ಇದ್ದಿರುವುದು ಸಹಜ. ತೋಮನು ಆ ಕೊರಗಿನ ಪ್ರತಿನಿಧಿ. ಅವನೂ ಒಂದು ವಾರ ತಡವಾಗಿ ಬಂದವನೇ. ಇತರರ ಮಾತಿನ ಮೂಲಕವಷ್ಟೇ ವಿಷಯವನ್ನು ತಿಳಿದವನೇ.

ಆದುದರಿಂದ ಇಲ್ಲಿನ ವಿರೋಧವು ಪ್ರಮಾಣಕ್ಕೂ ಅಪ್ರಮಾಣಕ್ಕೂ ನಡುವಣದಲ್ಲ. ಪ್ರತ್ಯಕ್ಷಕ್ಕೂ ಆಪ್ತವಾಕ್ಯಕ್ಕೂ ನಡುವಣದು. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ಪ್ರತ್ಯಕ್ಷವೊಂದನ್ನೇ ಒಪ್ಪಿದವರು ಚಾರ್ವಾಕರು. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಎಂದರೆ ವಿಷಯವನ್ನು ಬಲ್ಲವನೂ ಅದನ್ನು ಇದ್ದಂತೆ ತಿಳಿಸುವವನೂ ಆಗಿರಬೇಕು. ತೋಮನು ಆ ಒಂದು ವಾರ ಚಾರ್ವಾಕನಾಗಿದ್ದನು. ಹತ್ತು ಮಂದಿ ಗೆಳೆಯರ ಮಾತು ಅವನಿಗೆ ಪ್ರಮಾಣವಾಗಲಿಲ್ಲ. ಗ್ರಂಥಕರ್ತನ ಆಕ್ಷೇಪಣೆ ಇದ್ದರೆ ಅದು ಇಷ್ಟೇ. ಬರವಣಿಗೆಯು ಕಾಣೆಯಾದ ದೇಹದ ಸ್ಥಾನದಲ್ಲಿ ನಿಂತು, ಮುಂದಿನವರಿಗೆ ಸಾಕ್ಷಿ ನುಡಿಯಬೇಕಾಗಿದೆ.

ಇಲ್ಲಿಗೆ ವಿಷಯವು ಮುಗಿಯುವಂತಿದ್ದರೆ ಚರಿತ್ರಕಾರನಿಗೂ ಭಕ್ತನಿಗೂ ಯಾವ ವ್ಯತ್ಯಾಸವೂ ಉಳಿಯುತ್ತಿರಲಿಲ್ಲ. ಆದರೆ ಆಪ್ತವಾಕ್ಯವನ್ನು ಎಷ್ಟು ದೂರ ನೆಚ್ಚಬಹುದೆಂಬ ಪ್ರಶ್ನೆ ಇದ್ದೇ ಇದೆ. ೧೭೪೮ರಲ್ಲಿ ಡೇವಿಡ್ ಹ್ಯೂಮನು, ಅದ್ಭುತಕಾರ್ಯವೊಂದು ನಡೆಯಿತೆಂಬ ಸಾಕ್ಷ್ಯವು ಸುಳ್ಳಾಗುವುದು ಆ ಅದ್ಭುತಕ್ಕಿಂತಲೂ ಹೆಚ್ಚು ಅಸಂಭವವಾಗಿದ್ದರೆ ಮಾತ್ರ ಅದನ್ನು ಒಪ್ಪಬಹುದೆಂದು ವಾದಿಸಿದನು. ೧೭೭೭ರಲ್ಲಿ ಜರ್ಮನಿಯ ಲೆಸ್ಸಿಂಗನು ಇನ್ನೊಂದು ತೊಡಕನ್ನು ಎತ್ತಿ ತೋರಿಸಿದನು: ಅದ್ಭುತವನ್ನು ಕಾಣುವುದು ಬೇರೆ, ಅದ್ಭುತದ ವರದಿಯನ್ನು ಓದುವುದು ಬೇರೆ, ಚರಿತ್ರೆಯ ಆಕಸ್ಮಿಕ ಸಂಗತಿಯೊಂದರ ಮೇಲೆ ನಿತ್ಯಸತ್ಯವನ್ನು ನಿಲ್ಲಿಸಲು ಬಾರದು. ೧೮೪೪ರಲ್ಲಿ ಡೆನ್ಮಾರ್ಕಿನ ಕೀರ್ಕೆಗಾರ್ಡನು ಇದಕ್ಕೆ ವಿಲಕ್ಷಣವಾದ ಉತ್ತರವನ್ನು ಕೊಟ್ಟನು. ಅವನ ಅಭಿಪ್ರಾಯದಲ್ಲಿ ಸಮಕಾಲೀನ ಶಿಷ್ಯನಿಗೂ ಸಾವಿರಾರು ವರ್ಷಗಳ ಅನಂತರದ ಶಿಷ್ಯನಿಗೂ ಅನುಕೂಲದಲ್ಲಿ ಭೇದವೇ ಇಲ್ಲ. ಯೇಸುವನ್ನು ಬೀದಿಯಲ್ಲಿ ಕಂಡವರು ಸಾವಿರಾರು ಮಂದಿ; ಅವರಿಗೆ ಕಂಡುದು ಒಬ್ಬ ಮನುಷ್ಯನಷ್ಟೇ. ದೈವತ್ವವು ಕಣ್ಣಿಗೆ ಬೀಳುವ ವಸ್ತುವಲ್ಲವಾದುದರಿಂದ ಕಂಡವರೂ ನಂಬಿಯೇ ತಿಳಿಯಬೇಕಾಗಿತ್ತು. ತೋಮನ ಉದ್ಗಾರಕ್ಕೂ ಅವನು ಕಂಡ ಗಾಯಕ್ಕೂ ನಡುವೆ ನಾವು ಮೇಲೆ ಗುರುತಿಸಿದ ಅಂತರವನ್ನೇ ಇದು ತಾತ್ತ್ವಿಕ ಭಾಷೆಯಲ್ಲಿ ಹೇಳಿದಂತಾಗಿದೆ.

ಕೀರ್ಕೆಗಾರ್ಡನ ಉತ್ತರದಲ್ಲಿ ಒಂದು ಅಪಾಯವುಂಟು. ನಂಬಿಕೆಯನ್ನು ಪ್ರಮಾಣದ ಕೈಗೆಟುಕದ ಎತ್ತರದಲ್ಲಿರಿಸಿದರೆ ಅದು ಸುರಕ್ಷಿತವಾಗುವುದೇನೋ ನಿಜ. ಆದರೆ ಏನನ್ನು ಬೇಕಾದರೂ ನಂಬಬಹುದೆಂಬ ಸ್ವೇಚ್ಛೆಗೂ ಅದು ಎಡೆಗೊಡುತ್ತದೆ. ಸಾಕಷ್ಟು ಆಧಾರವಿಲ್ಲದೆ ನಂಬುವುದು ನೀತಿಗೆ ವಿರುದ್ಧವೆಂದು ೧೮೭೭ರಲ್ಲಿ ಕ್ಲಿಫರ್ಡನು ಕಟುವಾಗಿ ಹೇಳಿದುದು ಈ ಸ್ವೇಚ್ಛೆಯನ್ನು ಕಂಡೇ. ಆಧಾರದಿಂದ ತೀರ್ಮಾನವಾಗದ, ಆದರೂ ಮುಂದೂಡಲು ಬಾರದ ಆಯ್ಕೆಗಳು ಬಾಳಿನಲ್ಲಿ ಉಂಟೆಂದೂ, ಅಲ್ಲಿ ನಂಬಿ ನಡೆಯುವ ಹಕ್ಕು ಮನುಷ್ಯನಿಗಿದೆಯೆಂದೂ ೧೮೯೬ರಲ್ಲಿ ವಿಲಿಯಂ ಜೇಮ್ಸನು ಪ್ರತ್ಯುತ್ತರವಿತ್ತನು. ಆದರೆ ಜೇಮ್ಸನ ಸಮಾಧಾನವೂ ಕ್ರೈಸ್ತನ ಸಮಸ್ಯೆಯನ್ನು ಪೂರ್ತಿಯಾಗಿ ಬಿಡಿಸುವುದಿಲ್ಲ. ಸುಮಾರು ಕ್ರಿ. ಶ. ೫೫ರಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ೧೫ನೆಯ ಅಧ್ಯಾಯದಲ್ಲಿ ಕಂಡವರ ಪಟ್ಟಿಯನ್ನು ಕೊಟ್ಟು, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದು ತಿಳಿಸಿ, ಪುನರುತ್ಥಾನವು ನಡೆಯದಿದ್ದರೆ ತಮ್ಮ ನಂಬಿಕೆಯೇ ವ್ಯರ್ಥವೆಂದು ಒಪ್ಪಿಕೊಳ್ಳುತ್ತಾನೆ. ಸುವಾರ್ತೆಗಳಿಗಿಂತಲೂ ಹಳೆಯದಾದ ಈ ಪತ್ರವು ಕ್ರೈಸ್ತ ನಂಬಿಕೆಯನ್ನು ಒಂದು ಚಾರಿತ್ರಿಕ ಘಟನೆಗೆ ಕಟ್ಟಿಹಾಕಿದೆ. ಆ ಗಂಟನ್ನು ಬಿಚ್ಚಿದರೆ ಕ್ರೈಸ್ತನಿಗೆ ನಿರಾಳವಾದೀತು. ಆದರೆ ಪೌಲನ ಧರ್ಮವು ಬೇರೊಂದಾದೀತು.

೫

ಈ ಇಕ್ಕಟ್ಟಿನಿಂದ ಪಾರಾಗಲು ಭಕ್ತರು ಆಗಾಗ್ಗೆ ಹಿಡಿಯುವ ದಾರಿ ಭೌತಿಕ ಸಾಕ್ಷ್ಯದ್ದು. ಎರಡು ನಿದರ್ಶನಗಳು ಸಾಕು.

ಇಟಲಿಯ ಟ್ಯೂರಿನ್ ನಗರದಲ್ಲಿರುವ ನಾರಿನ ವಸ್ತ್ರವೊಂದನ್ನು ಯೇಸುವಿನ ಶವಕ್ಕೆ ಸುತ್ತಿದ ಬಟ್ಟೆಯೆಂದು ಅನೇಕರು ನಂಬುತ್ತಾರೆ. ಅದರ ಇತಿಹಾಸವು ಖಚಿತವಾಗಿ ತಿಳಿಯುವುದು ಹದಿನಾಲ್ಕನೆಯ ಶತಮಾನದಲ್ಲಿ ಫ್ರಾನ್ಸಿನ ಲಿರೆ ಎಂಬಲ್ಲಿಂದ. ೧೩೮೯ರಲ್ಲಿಯೇ ತ್ರ್ವಾ ಪ್ರಾಂತದ ಬಿಷಪ್ ಪಿಯರ್ ದಾರ್ಸಿಯು ಅದು ಚಿತ್ರಕಾರನೊಬ್ಬನ ಕೈಕೆಲಸವೆಂದು ಬಿನ್ನಹ ಬರೆದಿದ್ದನು. ೧೮೯೮ರಲ್ಲಿ ತೆಗೆದ ಛಾಯಾಚಿತ್ರದ ನೆಗೆಟಿವಿನಲ್ಲಿ ಮುಖವು ಸ್ಪಷ್ಟವಾಗಿ ಮೂಡಿದಾಗ ಜನರ ಕುತೂಹಲ ಕೆರಳಿತು. ೧೯೮೮ರಲ್ಲಿ ಆಕ್ಸ್‌ಫರ್ಡ್, ಜ್ಯೂರಿಕ್, ಅರಿಜೋನಗಳ ಮೂರು ಪ್ರಯೋಗಶಾಲೆಗಳು ಇಂಗಾಲದ ಪರೀಕ್ಷೆಯನ್ನು ನಡೆಸಿ, ಬಟ್ಟೆಯ ಕಾಲವು ೧೨೬೦ರಿಂದ ೧೩೯೦ರ ನಡುವಣದೆಂದು ನಿರ್ಣಯಿಸಿ, ಮರುವರ್ಷ ಫಲಿತಾಂಶವನ್ನು ಪ್ರಕಟಿಸಿದವು. ಪರೀಕ್ಷೆಗೆ ತೆಗೆದ ತುಣುಕಿನ ವಿಷಯವಾಗಿ ಆಕ್ಷೇಪಣೆಗಳು ಬಂದಿವೆಯಾದರೂ ಆ ನಿರ್ಣಯವನ್ನು ಬದಲಾಯಿಸುವಷ್ಟು ಬಲವಾದ ಆಧಾರ ದೊರೆತಿಲ್ಲ. ೧೯೯೮ರಲ್ಲಿ ಟ್ಯೂರಿನ್ನಿಗೆ ಬಂದ ಪೋಪ್ ಎರಡನೆಯ ಜಾನ್ ಪಾಲರು ಇಂತಹ ಪ್ರಶ್ನೆಗಳನ್ನು ವಿಜ್ಞಾನಿಗಳಿಗೇ ಬಿಟ್ಟುಕೊಟ್ಟರು. ಅದು ವಿವೇಕದ ನಡೆ. ಒಂದು ವೇಳೆ ಪರೀಕ್ಷೆಯು ಮೊದಲನೆಯ ಶತಮಾನವನ್ನೇ ತೋರಿಸಿದ್ದರೂ, ಆ ಕಾಲದಲ್ಲಿ ಒಂದು ಶವವನ್ನು ಬಟ್ಟೆಯಲ್ಲಿ ಸುತ್ತಿದ್ದರೆಂದಷ್ಟೇ ಸಿದ್ಧವಾಗುತ್ತಿತ್ತು.

ಎರಡನೆಯ ನಿದರ್ಶನವು ತೋಮನಿಗೇ ಸಂಬಂಧಿಸಿದುದು, ನಮ್ಮ ದೇಶದ್ದು. ಮೂರನೆಯ ಶತಮಾನದ ಆರಂಭದಲ್ಲಿ ಸಿರಿಯಾಕ್ ಭಾಷೆಯಲ್ಲಿ ಹುಟ್ಟಿದ ‘ತೋಮನ ಕೃತ್ಯಗಳು’ ಎಂಬ ಗ್ರಂಥವು ಅವನು ಭಾರತದ ಗುಂದಫರ ರಾಜನ ಬಳಿಗೆ ಬಂದನೆಂದು ಹೇಳುತ್ತದೆ. ಬಹುಕಾಲ ಆ ರಾಜನ ಹೆಸರೂ ಕಲ್ಪಿತವೆಂದೇ ತೋರುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಧಾರ ಪ್ರದೇಶದಲ್ಲಿ ಗೊಂಡೊಫರೀಸನ ನಾಣ್ಯಗಳು ದೊರೆತವು. ತಖ್ತ್-ಇ-ಬಾಹಿಯ ಶಾಸನದಲ್ಲಿ ಅವನ ಆಳ್ವಿಕೆಯ ೨೬ನೆಯ ವರ್ಷವು ಒಂದು ಶಕದ ೧೦೩ನೆಯ ವರ್ಷದೊಡನೆ ಸೇರಿ ಬಂದಿದೆ. ಆ ಶಕವನ್ನು ವಿಕ್ರಮಶಕವೆಂದು ಹಿಡಿದರೆ ಸುಮಾರು ಕ್ರಿ. ಶ. ೪೬ ಆಗುತ್ತದೆ. ಇದರಿಂದ ಗ್ರಂಥದ ಹಿನ್ನೆಲೆಗೆ ಚಾರಿತ್ರಿಕ ಬೆಂಬಲ ದೊರೆತಂತಾಯಿತು. ರೋಮಿನೊಡನೆ ನಮ್ಮ ಕರಾವಳಿಗಳಿಗಿದ್ದ ವಾಣಿಜ್ಯಸಂಬಂಧವು ೧೯೪೫ರ ಅರಿಕಮೇಡಿನ ಉತ್ಖನನದಿಂದ ಇನ್ನಷ್ಟು ಸ್ಪಷ್ಟವಾದುದರಿಂದ ಅಂತಹ ಪ್ರಯಾಣವು ಅಸಂಭವವಲ್ಲವೆಂದೂ ಹೇಳಬಹುದು. ಆದರೆ ರಾಜನ ನಾಣ್ಯವು ರಾಜನಿಗೆ ಸಾಕ್ಷಿಯೇ ಹೊರತು ಅತಿಥಿಗಲ್ಲ. ಕೇರಳದ ಕ್ರೈಸ್ತರು ಕ್ರಿ. ಶ. ೫೨ ಎಂದು ಹೇಳುವ ಪರಂಪರೆಯೂ, ಮದರಾಸಿನ ಮೈಲಾಪುರದ ಸಮಾಧಿಯ ಪರಂಪರೆಯೂ ಗೌರವಾರ್ಹವಾದವು. ಅವು ಸಂಭವದ ಕಕ್ಷೆಯಲ್ಲಿವೆ, ಸಿದ್ಧಿಯ ಕಕ್ಷೆಯಲ್ಲಿಲ್ಲ.

ಅದೇ ಗ್ರಂಥದಲ್ಲಿ ಬರುವ ಕಥೆಯೊಂದು ನಮ್ಮ ವಿಷಯಕ್ಕೆ ನಾಣ್ಯಗಳಿಗಿಂತ ಹತ್ತಿರವಾದುದು. ಅರಮನೆ ಕಟ್ಟಲೆಂದು ರಾಜನು ಕೊಟ್ಟ ಹಣವನ್ನು ತೋಮನು ಬಡವರಿಗೆ ಹಂಚಿ, ಅರಮನೆಯು ಸ್ವರ್ಗದಲ್ಲಿ ಸಿದ್ಧವಾಗಿದೆಯೆಂದು ಹೇಳುತ್ತಾನೆ. ರಾಜನು ಕೋಪಗೊಂಡು ಅವನನ್ನು ಸೆರೆಗೆ ಹಾಕುತ್ತಾನೆ. ಸತ್ತು ಬದುಕಿಬಂದ ರಾಜನ ತಮ್ಮನು ಆ ಅರಮನೆಯನ್ನು ತಾನು ಕಂಡೆನೆಂದು ಹೇಳಿದ ಮೇಲೆ ರಾಜನಿಗೆ ನಂಬಿಕೆ ಹುಟ್ಟುತ್ತದೆ. ಕಂಡ ಹೊರತು ನಂಬೆನೆಂದವನನ್ನೇ ಕಾಣದ ಅರಮನೆಯ ಶಿಲ್ಪಿಯನ್ನಾಗಿ ಮಾಡಿದ ಆ ಅನಾಮಿಕ ಲೇಖಕನು ಯೋಹಾನನ ಪ್ರಸಂಗವನ್ನು ಚೆನ್ನಾಗಿ ಬಲ್ಲವನಾಗಿರಬೇಕು. ಅಲ್ಲಿಯೂ ರಾಜನು ನಂಬುವುದು ತನ್ನ ಕಣ್ಣಿನಿಂದಲ್ಲ, ತಮ್ಮನ ಮಾತಿನಿಂದ. ಆ ಅರಮನೆಯಿಂದ ಇಹಲೋಕದಲ್ಲಿ ಕಾಣಸಿಕ್ಕಿದುದು ಬಡವರ ಕೈಸೇರಿದ ಹಣವೊಂದೇ.

೬

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಮಾನಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಯೋಹಾನನ ಪ್ರಸಂಗವು ವಿಚಾರವನ್ನು ಹಳಿಯುವ ಗ್ರಂಥಭಾಗವಲ್ಲ. ಸಾಕ್ಷ್ಯವನ್ನು ಅವಲಂಬಿಸಿ ಬಾಳಬೇಕಾದವರ ಸ್ಥಿತಿಯನ್ನು ಕುರಿತದ್ದು. ಚರಿತ್ರಕಾರನೂ ಭಕ್ತನೂ ಈ ಸ್ಥಿತಿಯಲ್ಲಿ ಸಮಾನರು. ಚರಿತ್ರಕಾರನು ತನ್ನ ಒಪ್ಪಿಗೆಯನ್ನು ಆಧಾರದ ತೂಕಕ್ಕೆ ಸರಿಯಾಗಿ ಏರಿಸುತ್ತಲೂ ಇಳಿಸುತ್ತಲೂ ಇರಬೇಕು. ನಾಳೆ ಬೇರೊಂದು ಶಾಸನ ದೊರೆತರೆ ಇಂದಿನ ಮತವನ್ನು ಬಿಡಬೇಕು. ಭಕ್ತನು ವ್ಯಕ್ತಿಯೊಬ್ಬನನ್ನು ನೆಚ್ಚಿ ಬಾಳನ್ನೇ ಒಪ್ಪಿಸುವವನು. ಅಂತಹ ಒಪ್ಪಿಗೆಯನ್ನು ದಿನಕ್ಕೊಂದು ತೂಕದಲ್ಲಿ ಕೊಡಲಾಗದು. ಈ ಎರಡನ್ನೂ ಬೆರಸಿದಾಗ ಎರಡಕ್ಕೂ ಹಾನಿ. ನಾಣ್ಯದಿಂದಲೂ ಬಟ್ಟೆಯಿಂದಲೂ ದೇವರನ್ನು ಸಾಧಿಸಹೊರಟ ಭಕ್ತಿಯು ಮುಂದಿನ ಪ್ರಯೋಗಶಾಲೆಯ ವರದಿಗೆ ಅಡಿಯಾಳಾಗುತ್ತದೆ. ತನ್ನ ಅಳತೆಗೆ ಸಿಗದುದೆಲ್ಲ ಇಲ್ಲವೇ ಇಲ್ಲವೆನ್ನುವ ಚರಿತ್ರೆಯು ತನ್ನ ಅಳತೆಗೋಲಿಗೇ ಪೂಜೆ ಸಲ್ಲಿಸಿದಂತಾಗುತ್ತದೆ.

ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗರಿಯು, ಉಳಿದ ಶಿಷ್ಯರ ವಿಶ್ವಾಸಕ್ಕಿಂತ ತೋಮನ ಅವಿಶ್ವಾಸವೇ ನಮಗೆ ಹೆಚ್ಚು ಉಪಕಾರ ಮಾಡಿತೆಂಬ ಅಭಿಪ್ರಾಯವನ್ನು ತನ್ನ ಪ್ರವಚನದಲ್ಲಿ ವ್ಯಕ್ತಪಡಿಸಿದ್ದಾನೆ. ಆ ಅಭಿಪ್ರಾಯವು ಸರಿಯಾದರೂ ಅವನು ಹೇಳಿದ ಕಾರಣಕ್ಕೆ ಇನ್ನೊಂದನ್ನು ಸೇರಿಸಬೇಕಾಗಿದೆ. ತೋಮನು ನಂಬೆನೆಂದು ಹೇಳಿದ ದಿನಕ್ಕೂ ಮತ್ತೆ ಎಲ್ಲರೂ ಕೂಡಿದ ದಿನಕ್ಕೂ ನಡುವೆ ಎಂಟು ದಿನಗಳು ಕಳೆದುವು. ಆ ದಿನಗಳಲ್ಲಿ ಏನು ನಡೆಯಿತೆಂಬುದನ್ನು ಗ್ರಂಥವು ಹೇಳುವುದಿಲ್ಲ. ಆದರೆ ಎಂಟನೆಯ ದಿನ ಅವನು ಅದೇ ಮನೆಯಲ್ಲಿ, ಅದೇ ಜನರ ನಡುವೆ ಇದ್ದನೆಂಬುದು ಸ್ಪಷ್ಟ. ಕಂಡವರು ಕಾಣದವನನ್ನು ಹೊರಕ್ಕೆ ಹಾಕಲಿಲ್ಲ. ಕಾಣದವನು ಕಂಡವರನ್ನು ಮರುಳರೆಂದು ತೊರೆದು ಹೋಗಲಿಲ್ಲ. ಕ್ರೈಸ್ತಸಭೆಯ ಮುಂದಿನ ಚರಿತ್ರೆಯಲ್ಲಿ ಸಂದೇಹಕ್ಕಾಗಿ ಎಷ್ಟು ಮಂದಿ ಬಹಿಷ್ಕೃತರಾದರು, ಎಷ್ಟು ಮಂದಿ ದಂಡನೆಗೊಳಗಾದರು ಎಂಬುದನ್ನು ಬಲ್ಲ ನಮಗೆ, ಬಾಗಿಲು ಹಾಕಿದ ಆ ಮನೆಯೊಳಗೆ ಸಂದೇಹಕ್ಕೂ ಒಂದು ವಾರದ ಸ್ಥಳ ದೊರೆತಿತ್ತೆಂಬ ಸಂಗತಿಯು ಅಲ್ಪವಾದುದಾಗಿ ತೋರುವುದಿಲ್ಲ.